ಪಿಯಾನೊದ ಎಡಗಾಲು

ನಾನು ಬಡಗಿ. ವಿಜಯನಗರದ ಹೊಸ ಮನೆಗಳಿಗೆ ಬಾಗಿಲು ಕಿಟಕಿ ಕೂರಿಸುತ್ತಲೇ ಮೂವತ್ತು ವರ್ಷ ಕಳೆದಿದ್ದೇನೆ. ನಮ್ಮ ಮನೆಯ ಕೆಲಸಕ್ಕೆ ಮಾತ್ರ ನನ್ನ ಬಾಯಲ್ಲಿ ಬರುತ್ತಿದ್ದದ್ದು 'ನಾಳೆ ನೋಡೋಣ ಬಿಡು' ಎಂಬ ಮಾತೊಂದೇ.

ಮನೆಯಲ್ಲೊಂದು ಹಳೆಯ ಪಿಯಾನೊ ಇದೆ. ಯಾರೋ ಬಂಗಲೆ ಕೆಡವಿಸುವಾಗ ಬಾಗಿಲ ಚೌಕಟ್ಟು ತರಲು ಹೋದವನು ಇದನ್ನೂ ಹೇರಿಕೊಂಡು ಬಂದಿದ್ದೆ. ನನ್ನ ಹೆಂಡತಿ ಶಾಲೆಯಲ್ಲಿದ್ದಾಗ ಟೀಚರೊಬ್ಬರಿಂದ ನಾಲ್ಕಾರು ಹಾಡು ನುಡಿಸಲು ಕಲಿತಿದ್ದಳು. ಪಿಯಾನೊ ಮನೆಗೆ ಬಂದ ದಿನ ಅವಳ ಮುಖ ನೋಡಬೇಕಿತ್ತು! ಅಡುಗೆ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ದಿನಾ ಅದರ ಮುಂದೆ ಕೂರುತ್ತಿದ್ದಳು.

ಅವಳು ಕಾಯಿಲೆ ಬಿದ್ದ ವರ್ಷವೇ ಪಿಯಾನೊದ ಎಡಗಾಲೂ ಸಡಿಲವಾಯಿತು. ತೂತು ಸವೆದು, ಸ್ಕ್ರೂ ಎಷ್ಟು ತಿರುಗಿಸಿದರೂ ಸುಮ್ಮನೆ ಸುತ್ತುತ್ತಿತ್ತು. ಇಟ್ಟಿಗೆಯೊಂದನ್ನು ಒತ್ತುಕೊಟ್ಟು ಕೈ ತೊಳೆದುಕೊಂಡೆ. ಆಮೇಲೆ ಆಸ್ಪತ್ರೆಯ ಓಡಾಟ. ಕೊನೆಗೆ ಡಾಕ್ಟರು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು.

ಆಯುಧಪೂಜೆಯ ಬೆಳಿಗ್ಗೆ ಅವಳು ತಾನಾಗಿಯೇ ಎದ್ದು ಕೂತಳು. ಎಷ್ಟೋ ವಾರಗಳ ಮೇಲೆ ಮುಖದಲ್ಲಿ ಕಳೆ ಇತ್ತು. ನಾನು ಅಷ್ಟು ಹೊತ್ತಿಗೆ ಉಳಿ, ಕೊಡತಿ, ಗರಗಸ, ಸ್ಕ್ರೂಡ್ರೈವರ್ ಎಲ್ಲವನ್ನೂ ಒರೆಸಿ, ಕುಂಕುಮವಿಟ್ಟು, ಸೇವಂತಿಗೆ ಏರಿಸಿ, ಊದುಬತ್ತಿ ಹಚ್ಚಿಬಿಟ್ಟಿದ್ದೆ.

"ರೀ, ಇವತ್ತು ಕೈಗೆ ಒಸಿ ಶಕ್ತಿ ಬಂದಂಗದೆ. ಆ ಕಾಲು ಬಿಗಿದುಕೊಡ್ರೀ, ಒಂದು ಹಾಡು ನುಡಿಸ್ತೀನಿ" ಎಂದಳು.

"ಪೂಜೆಗಿಟ್ಬುಟ್ಟಿದೀನಲ್ಲ ಕಣೇ, ಇವತ್ತು ಮುಟ್ಟಂಗಿಲ್ಲ. ನಾಳೆ ಬೆಳಿಗ್ಗೆ ಎದ್ದೇಟಿಗೇ ಮಾಡಿಕೊಡ್ತೀನಿ."

"ಇಟ್ಟಿಗೆ ಮೇಲೇ ನುಡಿಸ್ಲಾ?"

"ಬೇಡ ಬೇಡ. ಜಾರಿ ಮೈಮೇಲೆ ಬಿದ್ರೆ?"

ಅವಳು ವಾದ ಮಾಡಲಿಲ್ಲ. "ಆಯ್ತು ಬುಡಿ" ಎಂದು, ಮುಚ್ಚಿದ ಮುಚ್ಚಳದ ಮೇಲೇ ಸ್ವಲ್ಪ ಹೊತ್ತು ಬೆರಳಾಡಿಸಿ ಹೋಗಿ ಮಲಗಿದಳು.

ಮಾರನೆಯ ಬೆಳಿಗ್ಗೆ ಹೂವು ತೆಗೆದವನೇ ಕೆಲಸಕ್ಕೆ ಕೂತೆ. ಪೂಜೆಯಲ್ಲಿ ಉರಿದು ಉಳಿದಿದ್ದ ಊದುಬತ್ತಿ ಕಡ್ಡಿಗಳನ್ನೇ ಅಂಟಿನಲ್ಲಿ ಅದ್ದಿ ತೂತಿಗೆ ತುರುಕಿ, ಮಟ್ಟಸವಾಗಿ ಕತ್ತರಿಸಿ, ಸ್ಕ್ರೂ ಬಿಗಿದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಬಾ ಎಂದು ಕರೆದರೆ ಅವಳಿಗೆ ತಲೆ ಎತ್ತುವುದಕ್ಕೂ ಆಗಲಿಲ್ಲ. ಆಮೇಲೆ ಅವಳು ಏಳಲೇ ಇಲ್ಲ. ಹತ್ತು ದಿನಕ್ಕೆ ಹೋಗಿಬಿಟ್ಟಳು.

ದೇವರ ಮೇಲೆ ನನಗೆ ಸಿಟ್ಟಿಲ್ಲ, ಇರುವುದು ನನ್ನ ಮೇಲೆ. ಮೂವತ್ತು ವರ್ಷ ಪೂಜೆ ಮಾಡಿದವನು ಒಂದು ಸಲ ಪೂಜೆಯಿಂದ ಸ್ಕ್ರೂಡ್ರೈವರ್ ಎತ್ತಿಕೊಂಡಿದ್ದರೆ ಆ ತಾಯಿ ಬೇಡ ಅನ್ನುತ್ತಿದ್ದಳೇ? ಈಗ ಆ ಕಾಲು ಅಲ್ಲಾಡಿಸಿದರೂ ಅಲ್ಲಾಡುವುದಿಲ್ಲ. ನುಡಿಸುವವರಿಲ್ಲ, ಅಷ್ಟೆ.

ಈ ಸಲದ ಆಯುಧಪೂಜೆಗೂ ಎಲ್ಲವನ್ನೂ ಒರೆಸಿ ಸಾಲಾಗಿಟ್ಟು ಹೂವು ಏರಿಸಿದೆ. ಸ್ಕ್ರೂಡ್ರೈವರ್ ಒಂದನ್ನು ಮಾತ್ರ ಇಡಲಿಲ್ಲ. ಅದನ್ನು ಇಡೀ ದಿನ ಜೇಬಿನಲ್ಲೇ ಇಟ್ಟುಕೊಂಡಿದ್ದೆ.