ವೀಸಾ ಸಿಗದ ವರ್ಷ

ನಾನು ಎರಡನೇ ಪಿಯುಸಿಯಲ್ಲಿದ್ದಾಗ ಗೋಣಿಬೀಡಿನ ಹತ್ತಿರದ ಕಿವಿ ಕೇಳದ ಮಕ್ಕಳ ಶಾಲೆಗೆ ಯುರೋಪಿನಿಂದ ಒಬ್ಬ ಹುಡುಗಿ ಬಂದಳು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಅವಳು ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ಅವರ ಕಡೆ ಶಾಲೆ ಮುಗಿಸಿದವರು ಕಾಲೇಜು ಸೇರುವ ಮೊದಲು ಒಂದು ವರ್ಷ ಬೇರೆ ದೇಶಕ್ಕೆ ಹೋಗಿ ಸಂಬಳವಿಲ್ಲದೆ ಸೇವೆ ಮಾಡಬಹುದಂತೆ. ವಿಮಾನದಿಂದ ಹಿಡಿದು ಊಟದವರೆಗೆ ಖರ್ಚೆಲ್ಲ ಒಂದು ಸಂಸ್ಥೆಯದಂತೆ. ಇದನ್ನು ನಮ್ಮಲ್ಲಿ ಯಾರೂ ನಂಬಲಿಲ್ಲ. ಕಾಫಿ ಗಿಡದ ಗುಟ್ಟು ತಿಳಿದುಕೊಳ್ಳಲು ಯಾವುದೋ ಕಂಪನಿ ಅವಳನ್ನು ಕಳಿಸಿದೆಯೆಂದು ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಮಾತಾಗಿತ್ತು.

ನನ್ನ ಅಪ್ಪ ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಗೊಬ್ಬರದ ಲೆಕ್ಕ ಎಲ್ಲ ಅವರ ಕೈಯಲ್ಲಿತ್ತು. ನನಗೆ ಇಂಗ್ಲಿಷ್ ಸ್ವಲ್ಪ ಬರುತ್ತದೆಂದು ತಿಳಿದ ಶಾಲೆಯ ಹೆಡ್‌ಮೇಡಂ, ಆ ಹುಡುಗಿಗೆ ಕನ್ನಡ ಕಲಿಸಲು ಸಂಜೆ ಹೊತ್ತು ಕಳಿಸಿ ಎಂದು ಅಪ್ಪನನ್ನು ಕೇಳಿದರು. ನಾನು ಕಲಿಸಿದ್ದಕ್ಕಿಂತ ಆ ಮಕ್ಕಳಿಂದ ನಾವಿಬ್ಬರೂ ಕೈಸನ್ನೆ ಕಲಿತದ್ದೇ ಹೆಚ್ಚು. ಮಾತು ತಡವರಿಸಿದಾಗ ನಾವೂ ಸನ್ನೆಯಲ್ಲೇ ಜಗಳವಾಡುತ್ತಿದ್ದೆವು.

ಒಂದು ಭಾನುವಾರ ಅವಳನ್ನು ದೇವರಮನೆ ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದೆ. ಗಾಳಿಗೆ ದುಪಟ್ಟಾ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತಿದ್ದಾಗ ಅವಳು ವಿಷಯ ತೆಗೆದಳು. ಮುಂದಿನ ವರ್ಷದಿಂದ ಸಂಸ್ಥೆಯವರು ನಮ್ಮ ಕಡೆಯಿಂದಲೂ ಒಬ್ಬರನ್ನು ಅಲ್ಲಿಗೆ ಕರೆಸಿಕೊಳ್ಳುತ್ತಾರೆ, ಅವಳ ಊರಿನ ವೃದ್ಧಾಶ್ರಮದಲ್ಲಿ ಒಂದು ವರ್ಷ ಕೆಲಸ, ನೀನೇ ಯಾಕೆ ಬರಬಾರದು ಎಂದಳು.

ಮನೆಯಲ್ಲಿ ಹೇಳಿದಾಗ ಅಮ್ಮ ಒಲೆಯ ಮುಂದಿನಿಂದ ಏಳಲೇ ಇಲ್ಲ. "ಅಲ್ಲಿಯ ಮುದುಕ್ರ ಮೈ ತೊಳೆಯಕ್ಕೆ ನಮ್ ಹುಡ್ಗಿನೇ ಆಗ್ಬೇಕಾ?" ಅಂದರು. ಮೂರನೆಯ ದಿನ ಊಟಕ್ಕೆ ಕೂತಾಗ ಅಪ್ಪ, "ಆ ಹುಡ್ಗಿ ಇಲ್ಲಿಗ್ ಬಂದು ನಮ್ ಮಕ್ಳ ಮೂಗು ಒರೆಸ್ತಾ ಇಲ್ವಾ? ಇವ್ಳೂ ಹೋಗಿ ಬರ್ಲಿ ಬಿಡು," ಅಂದರು.

ನಾನು ಆಯ್ಕೆಯಾದೆ. ಪಾಸ್‌ಪೋರ್ಟ್ ಬಂತು. ಎಸ್ಟೇಟಿನ ಧಣಿಗಳು ನಮ್ಮ ಮನೆತನದ ಬಗ್ಗೆ ಒಳ್ಳೆಯ ಮಾತಿನ ಕಾಗದ ಬರೆದುಕೊಟ್ಟರು. ಹೇಗೂ ಜುಲೈಯಲ್ಲಿ ಹೊರಡುವವಳಲ್ಲವೇ ಎಂದು ಡಿಗ್ರಿಗೆ ಅರ್ಜಿ ಹಾಕಲಿಲ್ಲ. ಕಳಸದ ಚಿಕ್ಕಮ್ಮ ಉಣ್ಣೆಯ ಸ್ವೆಟರ್ ಹೆಣೆದು ಕಳಿಸಿದರು. ಶಾಲೆಯ ಮಕ್ಕಳು ನನ್ನನ್ನು ಕಂಡಾಗಲೆಲ್ಲ ಅಂಗೈಯನ್ನು ವಿಮಾನದ ಹಾಗೆ ಮೇಲಕ್ಕೆ ಹಾರಿಸುತ್ತಿದ್ದರು. ಜೂನಿನಲ್ಲಿ ಅವಳ ವರ್ಷ ಮುಗಿಯಿತು. ಅಲ್ಲಿಯ ವಿಮಾನ ನಿಲ್ದಾಣಕ್ಕೆ ತಾನೇ ಬರುತ್ತೇನೆಂದು ಹೇಳಿ ಅವಳು ಮೊದಲು ಹೋದಳು.

ವೀಸಾಕ್ಕೆಂದು ಅಪ್ಪನೂ ನಾನೂ ಚೆನ್ನೈಯಲ್ಲಿದ್ದ ಅವಳ ದೇಶದ ಕಚೇರಿಗೆ ಹೋದೆವು. ಅಪ್ಪ ಬೆಂಗಳೂರು ದಾಟಿದ್ದು ಅದೇ ಮೊದಲು. ಅವರನ್ನು ಒಳಗೆ ಬಿಡಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ನಕಲು ಪ್ರತಿಗಳ ಫೈಲನ್ನು ಎದೆಗೆ ಹಿಡಿದುಕೊಂಡು ಅವರು ರಸ್ತೆಯ ಆಚೆ ಒಂದು ಮರದ ಕೆಳಗೆ ನಿಂತರು.

ಗಾಜಿನ ಹಿಂದಿದ್ದ ಅಧಿಕಾರಿ ಒಂದೊಂದೇ ಕೇಳಿದರು. ನಿಮ್ಮ ಮನೆ ಸ್ವಂತದ್ದೇ? ಅಲ್ಲ, ಎಸ್ಟೇಟಿನ ಕ್ವಾರ್ಟರ್ಸ್. ಜಮೀನು? ಇಲ್ಲ. ಕಾಲೇಜಿನಲ್ಲಿ ಸೀಟು? ಇಲ್ಲ. ಹಾಗಾದರೆ ವಾಪಸ್ ಬರುವುದಕ್ಕೆ ಇಲ್ಲಿ ಏನಿದೆ? ಅಪ್ಪ ಅಮ್ಮ ಇದ್ದಾರೆ ಎಂದೆ. ಅವರು ಎಲ್ಲರಿಗೂ ಇರುತ್ತಾರೆ ಎಂದರು. ಸಂಬಳವಿಲ್ಲದೆ ಪರದೇಶದ ಮುದುಕರ ಸೇವೆ ಮಾಡಲು ನಿಮ್ಮಂಥವರು ಯಾಕೆ ಹೋಗುತ್ತೀರಿ ಎಂಬುದು ಕೊನೆಯ ಪ್ರಶ್ನೆ. ಅದಕ್ಕೆ ಬಾಯಿಪಾಠ ಮಾಡಿದ್ದ ಉತ್ತರ ಒಂದಕ್ಷರವೂ ನೆನಪಿಗೆ ಬರಲಿಲ್ಲ. ಅವಳು ಬಂದಿದ್ದಳು, ಹಾಗೇ ನಾನೂ ಹೋಗುತ್ತೇನೆ ಎಂದೆ. ಅವರು ಗದರಲಿಲ್ಲ. ಜ್ವರ ಬಂದ ಮಗುವನ್ನು ನೋಡುವ ಹಾಗೆ ನನ್ನನ್ನು ನೋಡಿ ಏನೋ ಬರೆದುಕೊಂಡರು.

ಹತ್ತು ಹದಿನೈದು ದಿನಕ್ಕೆ ಪಾಸ್‌ಪೋರ್ಟ್ ಹಿಂತಿರುಗಿತು. ಜೊತೆಗೆ ಒಂದು ಹಾಳೆ. ಅರ್ಜಿದಾರರು ಸ್ವದೇಶಕ್ಕೆ ಮರಳುವರೆಂಬ ಖಾತ್ರಿ ನಮಗಿಲ್ಲ ಎಂದಿತ್ತು. ಅಪ್ಪ ಅದನ್ನು ಬೆರಳಿಟ್ಟು ಎರಡು ಸಲ ಓದಿದರು.

"ನೀನು ವಾಪಸ್ ಬರಲ್ಲ ಅಂತ ಇವ್ರಿಗೆ ಯಾರು ಹೇಳಿದ್ದು?"

ಅವರಿಗೆ ಕೇಳಲು ನಾನಲ್ಲದೆ ಬೇರೆ ಯಾರೂ ಇರಲಿಲ್ಲ. ಎಸ್‌ಟಿಡಿ ಬೂತಿನಿಂದ ಅವಳಿಗೆ ಫೋನ್ ಮಾಡಿದರೆ ಅವಳೇ ಅಳತೊಡಗಿದಳು. ಪರವಾಗಿಲ್ಲ, ಪರವಾಗಿಲ್ಲ ಎಂದು ನಾನೇ ಸಮಾಧಾನ ಮಾಡಬೇಕಾಯಿತು. ಸಂಸ್ಥೆಯವರು ಪತ್ರ ಬರೆದರು. ಅದಕ್ಕೂ ಅದೇ ವಾಕ್ಯದ ಉತ್ತರ ಬಂತು. ಅಷ್ಟರಲ್ಲಿ ಡಿಗ್ರಿ ಕಾಲೇಜುಗಳ ಬಾಗಿಲು ಮುಚ್ಚಿತ್ತು.

ಅವಳು ಮಾಡುತ್ತಿದ್ದ ಕೆಲಸವನ್ನು ಒಂದು ವರ್ಷ ನಾನು ಮಾಡಲೇ ಎಂದು ಕೇಳಲು ಶಾಲೆಗೆ ಹೋದೆ. ಹೆಡ್‌ಮೇಡಂ ಮೇಜಿನ ಮೇಲಿನ ಪೆನ್ನನ್ನು ಆಚೀಚೆ ಇಡುತ್ತಾ, "ನಿನ್ನಷ್ಟು ಚೆನ್ನಾಗಿ ಯಾರ್ ಮಾಡ್ತಾರಮ್ಮ? ಆದ್ರೆ ಆ ಸಂಸ್ಥೆಯವ್ರ ಸಹಾಯ ಹೊರಗಿಂದ ಬರೋರಿಗ್ ಮಾತ್ರ. ಅವ್ಳಿದ್ದ ರೂಮೂ ಅವ್ರಿಗೇ ಅಂತ ಬರ್ದಿದಾರೆ," ಅಂದರು. ಅವರ ಮುಖ ನೋಡಿ ನಾನೇ ಎದ್ದುಬಂದೆ.

ಸೆಪ್ಟೆಂಬರಿನಲ್ಲಿ ಇನ್ನೊಬ್ಬಳು ಬಂದಳು. ಅವಳಿಗೂ ಕನ್ನಡ ಕಲಿಸಲು ನನ್ನನ್ನೇ ಕರೆದರು. ಒಳ್ಳೆಯ ಹುಡುಗಿ, ನಗುಮುಖದವಳು. ಮೂರು ವಾರ ಹೋದೆ. ಒಂದು ಸಂಜೆ ಶಾಲೆಯ ಚಿಕ್ಕ ಹುಡುಗಿಯೊಬ್ಬಳು ಅಂಗೈ ಹಾರಿಸಿ, ಹುಬ್ಬೇರಿಸಿ, ಹೋಗಲಿಲ್ಲವೇ ಎಂದು ಕೇಳಿದಳು. ಇಲ್ಲ ಎಂದು ತಲೆಯಾಡಿಸಿದೆ. ಯಾಕೆ ಎಂದು ಮತ್ತೆ ಕೇಳಿದಳು. ವೀಸಾ ಎನ್ನುವುದಕ್ಕೆ ನಮ್ಮ ಸನ್ನೆಗಳಲ್ಲಿ ಏನೂ ಇರಲಿಲ್ಲ. ಮರುದಿನ ಶಾಲೆಯ ತಿರುವಿನಲ್ಲಿ ಬಸ್ಸಿಳಿದವಳು ಎದುರಿನ ಬಸ್ಸು ಹತ್ತಿ ಮನೆಗೆ ಬಂದೆ. ಮತ್ತೆ ಹೋಗಲಿಲ್ಲ. ಮೊದಲಿನವಳು ತಾನಿದ್ದ ಕಾಲೇಜಿನ ಬಗ್ಗೆ ಬರೆದ ಪತ್ರಗಳಿಗೆ ಎರಡು ಸಲ ಉತ್ತರಿಸಿದೆ. ಮೂರನೆಯದಕ್ಕೆ ಕೂತರೆ ಬರೆಯಲು ಏನೂ ಹೊಳೆಯಲಿಲ್ಲ.

ಮುಂದಿನ ಜೂನಿನಲ್ಲಿ ಚಿಕ್ಕಮಗಳೂರಿನ ಕಾಲೇಜು ಸೇರಿದೆ. ನಡುವೆ ಒಂದು ವರ್ಷ ಯಾಕೆ ಬಿಟ್ಟುಹೋಗಿದೆ ಎಂದು ಪಕ್ಕದಲ್ಲಿ ಕೂತವಳು ವಿಚಾರಿಸಿದಳು. ವೃದ್ಧಾಶ್ರಮ, ಚೆನ್ನೈ ಎಂದು ಹೇಳತೊಡಗಿದೆ. ಅವಳ ಕಣ್ಣಲ್ಲಿ ನಂಬಿಕೆ ಇರಲಿಲ್ಲ. ಮುಜುಗರವಾಗದಿರಲೆಂದು ದನಿ ತಗ್ಗಿಸಿ, "ಫೇಲಾಗಿತ್ತಾ?" ಅಂದಳು.

ಹೂಂ ಅಂದೆ. ಆ ಕಾಲೇಜಿನಲ್ಲಿ ಮೂರು ವರ್ಷ ಅದೇ ನಿಜವಾಗಿ ಉಳಿಯಿತು.