ದೇವರಿಲ್ಲದ ಕಾದಂಬರಿ

ನಾನು ಈವರೆಗೆ ಒಂದೇ ಒಂದು ಕಾದಂಬರಿ ಬರೆದಿದ್ದೇನೆ. ಅದನ್ನು ಓದಿದವರು ಒಬ್ಬರು, ಓದಿಸಿಕೊಂಡು ಕೇಳಿದವರು ಇಬ್ಬರು. ಈ ಮೂವರಲ್ಲಿ ಒಬ್ಬರಿಗೂ ನಾನು ಬರೆದ ಕಥೆ ಕಾಣಿಸಲಿಲ್ಲ, ಅವರವರ ಕಥೆಯೇ ಕಾಣಿಸಿತು ಎಂಬುದು ಬಹಳ ದಿನ ನನ್ನ ತಕರಾರಾಗಿತ್ತು.

ಹುಣಸೂರಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು ನಾನು. ನಿವೃತ್ತರಿಗೆಲ್ಲ ಒಂದೊಂದು ಚಟ ಅಂಟಿಕೊಳ್ಳುತ್ತದೆ. ನನಗೆ ಅಂಟಿದ್ದು ಕೇಡುಗಾಲದ ಕಾದಂಬರಿಗಳನ್ನು ಓದುವ ಚಟ. ಮುಂದೊಂದು ದಿನ ಲೋಕ ಹೇಗೆ ಹದಗೆಡುತ್ತದೆ ಎಂದು ಹೆದರಿಸುವ ಪುಸ್ತಕಗಳು ಅವು. ಸಕ್ಕರೆ ಕಾಯಿಲೆಯವನಿಗೆ ಸಿಹಿ ಕಥೆಗಳೇಕೆ ಎಂದು ಹೆಂಡತಿಯ ಹತ್ತಿರ ಸಮರ್ಥಿಸಿಕೊಳ್ಳುತ್ತಿದ್ದೆ.

ಹತ್ತಿಪ್ಪತ್ತು ಓದಿದ ಮೇಲೆ ಒಂದು ಅನುಮಾನ ಶುರುವಾಯಿತು. ಆ ಕಥೆಗಳಲ್ಲಿ ದೇವಸ್ಥಾನ, ಮಸೀದಿ, ಇಗರ್ಜಿಗಳನ್ನೆಲ್ಲ ಸರ್ಕಾರ ಮುಚ್ಚಿಸಿರುತ್ತದೆ. ಆದರೂ ಎಲ್ಲವನ್ನೂ ನೋಡುವವನೊಬ್ಬ ಮೇಲೆ ಕೂತಿರುತ್ತಾನೆ. ದೇವರ ಹಾಗೆಯೇ, ಕ್ಷಮಿಸುವುದು ಮಾತ್ರ ಗೊತ್ತಿಲ್ಲ. ಬೆಳಗಾದರೆ ಅವನ ಹೆಸರಿನಲ್ಲಿ ಪಠಣ, ತಪ್ಪಿಗೆ ಪ್ರಾಯಶ್ಚಿತ್ತ, ಬಚ್ಚಿಟ್ಟ ಒಂದು ಹಳೆಯ ಪುಸ್ತಕ, ಅದಕ್ಕಾಗಿ ಪ್ರಾಣ ಕೊಡುವ ಒಬ್ಬ ಭಕ್ತ, ಕೊನೆಗೆ ಬೆಂಕಿಯೋ ಪ್ರಳಯವೋ. ಪುರಾಣದಲ್ಲಿ ಇನ್ನೇನಿರುತ್ತದೆ? ದೇವರನ್ನು ಎಬ್ಬಿಸಿ ಕಳಿಸಿದ ಈ ಲೇಖಕರಿಗೆ ಅವನು ಕೂತಿದ್ದ ಮಣೆಯನ್ನು ಎತ್ತಿಡಲು ಮರೆತುಹೋಗಿದೆ ಅನ್ನಿಸಿತು. ವಿಜ್ಞಾನದ ಮೇಷ್ಟ್ರ ಜಂಬ ನೋಡಿ, ಮಣೆಯೂ ಇಲ್ಲದ ಕಾದಂಬರಿಯನ್ನು ನಾನೇ ಬರೆದು ತೋರಿಸುತ್ತೇನೆ ಎಂದುಕೊಂಡೆ.

ಬರೆದೆ. ಬಿಳಿಕೆರೆಯಿಂದ ಪಿರಿಯಾಪಟ್ಟಣದವರೆಗೆ ಒಂದೇ ಸೂರು ಹೊದಿಸಿದ ನಗರ. ಆಕಾಶವಿಲ್ಲ, ಮಳೆಯಿಲ್ಲ. ಆಳುವವನ ಹೆಸರು ಪಾಲಕ. ಚೌಕದ ಕಂಬದೊಳಗಿಂದ ಅವನ ಧ್ವನಿ ಬರುತ್ತದೆ: ‘ನಿಮಗೆ ಅನ್ನ ಕೊಡುವವನು ನಾನು.’ ಜನ ದಿನಾ ಬೆಳಿಗ್ಗೆ ಕಂಬಕ್ಕೆ ಕೃತಜ್ಞತೆ ಹೇಳಿ ಗಂಜಿ ಪಡೆಯಬೇಕು. ಕೆಂಚಮ್ಮ ಎಂಬ ಮುದುಕಿ ಮಾತ್ರ, ಅನ್ನ ಕೊಟ್ಟಿದ್ದು ಮಳೆ, ನೀನಲ್ಲ ಎಂದು ಹಟ ಹಿಡಿಯುತ್ತಾಳೆ. ಕೊನೆಯ ಅಧ್ಯಾಯದಲ್ಲಿ ಅವಳನ್ನು ಎಳೆದೊಯ್ಯುತ್ತಾರೆ. ಮಾರನೆಯ ಬೆಳಿಗ್ಗೆ ಕಂಬ ಎಂದಿನಂತೆ ಮಾತಾಡುತ್ತದೆ. ಮುಕ್ತಾಯ.

ಇನ್ನೂರು ಹಾಳೆ. ಬೈಂಡ್ ಮಾಡಿಕೊಡಲು ಬಷೀರ್ ಸಾಹೇಬರಿಗೆ ಕೊಟ್ಟೆ. ನಮ್ಮ ಶಾಲೆಯ ಹಾಜರಿ ಪುಸ್ತಕಗಳಿಗೆಲ್ಲ ರಟ್ಟು ಹಾಕುತ್ತಿದ್ದವರು ಅವರೇ. ಎರಡು ದಿನ ಅಂದರು. ಎರಡು ವಾರ ಕಳೆದರೂ “ಗೋಂದು ಒಣಗಿಲ್ಲ ಕಣ್ರೀ ಮೇಷ್ಟ್ರೇ” ಎನ್ನುತ್ತಿದ್ದರು. ಬಿರುಬಿಸಿಲಿನಲ್ಲಿ ಒಣಗದ ಆ ಗೋಂದು ಯಾವುದೆಂದು ನನಗೆ ಅರ್ಥವಾಗಲಿಲ್ಲ.

ತಡೆಯಲಾರದೆ ಜೆರಾಕ್ಸ್ ಪ್ರತಿ ಹಿಡಿದು ಕೆ.ಆರ್. ನಗರದ ಬಸ್ ಹತ್ತಿದೆ. ಅಲ್ಲಿಗೆ ಹತ್ತಿರದ ಹಳ್ಳಿಯಲ್ಲಿ ನಮ್ಮಕ್ಕನ ಮನೆ. ಅಕ್ಕನಿಗೆ ಓದು ಬರುವುದಿಲ್ಲ, ಕೇಳುವುದರಲ್ಲಿ ಮಾತ್ರ ಯಾವ ಪಂಡಿತರಿಗೂ ಕಡಿಮೆಯಿಲ್ಲ. ನೆನೆಸಿದ ಅವರೆಕಾಳು ಹಿಸುಕುತ್ತ ಎರಡು ದಿನ ಕೇಳಿದಳು. ಆಮೇಲೆ ಹೇಳಿದಳು:

“ಅಲ್ಲ ಕಣ್ಲಾ ತಮ್ಮ, ಪ್ರಹ್ಲಾದನ್ನ ಯಾಕ್ಲಾ ಮುದುಕಿ ಮಾಡ್ದೆ?”

“ಅಕ್ಕ, ಇದರಲ್ಲಿ ದೇವರೇ ಇಲ್ಲ.”

“ಇಲ್ದೆ ಏನು? ನನ್ನೇ ದ್ಯಾವ್ರು ಅನ್ನು ಅಂತ ಇರಣ್ಯಕಶಪ ಕಾಡ್ಲಿಲ್ವಾ? ನಿನ್ ಪಾಲಕ್ನೂ ಅದ್ನೇ ಅಂತಾವ್ನೆ. ಕಂಬ ಬ್ಯಾರೆ ನಿಲ್ಸಿದ್ದೀಯ. ಕಂಬ ಯಾವಾಗ ಒಡೀತದೆ?”

“ಒಡೆಯೋದಿಲ್ಲ.”

ಅಕ್ಕನ ಕೈ ನಿಂತಿತು. “ಒಡೀದೇ ಇರೋ ಕಂಬನ ಯಾಕ್ಲಾ ನಿಲ್ಸುದ್ದೆ?”

ಆ ಕಂಬವನ್ನು ನಿಲ್ಲಿಸುವಾಗ ನನ್ನ ತಲೆಯಲ್ಲಿ ಇದ್ದದ್ದು ಬಸ್ ಸ್ಟ್ಯಾಂಡಿನ ಮೈಕಿನ ಕಂಬ, ದೇವರಾಣೆಗೂ ಬೇರೇನಿರಲಿಲ್ಲ. ನೋಡಿ, ಆಣೆಗೂ ಅವನೇ ಬೇಕು.

ಊರಿಗೆ ಬಂದವನೇ ಹಾಳೆಗಳನ್ನು ವಾಪಸು ತೆಗೆದುಕೊಳ್ಳಲು ಬಷೀರ್ ಸಾಹೇಬರ ಅಂಗಡಿಗೆ ಹೋದೆ. ಅವರು ಕತ್ತರಿ ಕೆಳಗಿಟ್ಟು, “ಮೇಷ್ಟ್ರೇ, ಒಂದು ತಪ್ಪು ಮಾಡ್ಬುಟ್ಟಿದ್ದೀನಿ, ಕೂತ್ಕೊಳ್ಳಿ” ಅಂದರು.

ಅವರ ಹೆಂಡತಿ ಮೆಹರುನ್ನಿಸಾ ಬಚ್ಚಲಿನಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದರು. ಮೂರು ತಿಂಗಳು ಏಳಬಾರದು ಎಂದಿದ್ದರು ಡಾಕ್ಟರು. ಸೂರು ನೋಡುತ್ತ ಮಲಗಿದವರಿಗೆ ಹೊತ್ತು ಹೋಗಲೆಂದು ಸಾಹೇಬರು ದಿನಾ ಸಂಜೆ ನನ್ನ ಕಾದಂಬರಿಯನ್ನು ಒಂದೊಂದು ಅಧ್ಯಾಯ ಓದಿ ಹೇಳಿದ್ದರು.

“ಇದು ಫಿರೌನ್ ಕಥೆ ಅಂದ್ಲು ಅವ್ಳು. ನಾನೇ ನಿಮ್ಮ ಖುದಾ ಅಂತಿದ್ನಲ್ಲ, ಮೂಸಾ ನಬಿ ಕಾಲದ ರಾಜ, ಅವನ್ದು. ಕೊನೇ ಅಧ್ಯಾಯ ಮೊದ್ಲು ನಾನೊಬ್ನೇ ಓದ್ಕೊಂಡೆ ಮೇಷ್ಟ್ರೇ. ಇವ್ಳು ಆ ಮುದುಕಿನೇ ಹಿಡ್ಕೊಂಡು ದಿನ ತಳ್ತಾವ್ಳೆ. ತಾನು ಎದ್ದು ನಡೀತೀನಾ ಇಲ್ವಾ ಅಂತ ಇವ್ಳಿಗೇ ಗೊತ್ತಿಲ್ಲ. ಅಂಥೋಳಿಗೆ, ಮುದುಕಿನ ಎಳ್ಕೊಂಡೋದ್ರು, ಮುಗೀತು ಅಂತ ಹೆಂಗ್ ಓದ್ಲಿ?”

“ಮತ್ತೇನು ಓದಿದಿರಿ?”

“ಹಾಳೆ ನೋಡ್ಕೊಂಡೇ ಬ್ಯಾರೆ ಹೇಳ್ಬುಟ್ಟೆ. ಸೂರು ಬಿರುಕು ಬುಡ್ತು, ಮಳೆ ಬಂತು ಅಂದೆ.”

ಮೂವತ್ತು ವರ್ಷದಲ್ಲಿ ನಾನು ಬಗೆಬಗೆಯ ನಕಲು ಹಿಡಿದಿದ್ದೇನೆ. ಮೇಷ್ಟ್ರು ಬರೆದ ಉತ್ತರವನ್ನೇ ತಿದ್ದಿದವರನ್ನು ನೋಡಿದ್ದು ಅದೇ ಮೊದಲು. ಸಿಟ್ಟು ಬಂತು. ಎಚ್ಚರಿಸಬೇಕಾದ ಕಥೆಗೆ ಬೆಲ್ಲ ಸವರಿದಿರಲ್ಲ ಅಂದೆ. ಅವರು ತಲೆ ತಗ್ಗಿಸಿದರು. “ಅವ್ಳು ನಿಮ್ಮನ್ನ ನೋಡ್ಬೇಕಂತೆ. ನಿಜ ಹೇಳೋದಾದ್ರೆ ನೀವೇ ಹೇಳ್ಬುಡಿ. ನನ್ ಕೈಲಾಗಲ್ಲ.”

ಹೇಳಿಯೇಬಿಡುತ್ತೇನೆ ಎಂದು ಅಂಗಡಿಯ ಹಿಂದಿನ ಮನೆಗೆ ಹೋದೆ. ಮಂಚದ ಮೇಲೆ ಮಲಗಿದ್ದ ಮೆಹರುನ್ನಿಸಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಸಾಹೇಬರು ಟೀ ತಂದು ನನ್ನ ಮುಖ ನೋಡದೆ ಚಮಚ ಆಡಿಸುತ್ತ ನಿಂತರು.

“ಆ ಅಮ್ಮಂಗೆ ಎಷ್ಟು ಕಷ್ಟ ಕೊಟ್ರಿ ಮೇಷ್ಟ್ರೇ! ನಾನು ನಿಮ್ಮನ್ನ ಬೈಕೊಂಡಿದ್ದೂ ಉಂಟು. ಕೊನೇಗೆ ಮಳೆ ಕೊಟ್ರಲ್ಲ, ಅಲ್ಲಾ ನಿಮ್ಮನ್ನ ಚೆನ್ನಾಗಿಟ್ಟಿರ್ಲಿ” ಎಂದರು ಆಕೆ. ಆಮೇಲೆ, “ಒಂದು ಮಾತ್ರ ಇವ್ರು ಓದ್ಲಿಲ್ಲ. ಮಳೆ ಬಂದಾಗ ಅವ್ಳು ಏನ್ ಮಾಡಿದ್ಲು?” ಎಂದು ಕೇಳಿದರು.

ನಿಜ ಹೇಳಲು ಬಾಯಿ ತೆರೆದೆ. ಸಾಹೇಬರ ಚಮಚದ ಸದ್ದು ನಿಂತಿತು.

“ಬೊಗಸೆ ಒಡ್ಡಿ ನಿಂತಳಮ್ಮ” ಅಂದೆ.

“ಹೆಂಗೆ?”

ಟೀ ಲೋಟ ಕೆಳಗಿಟ್ಟು ಎರಡೂ ಕೈ ಜೋಡಿಸಿ ತೋರಿಸಿದೆ. ಮೆಹರುನ್ನಿಸಾ ಹೊದಿಕೆಯೊಳಗಿಂದ ತಮ್ಮ ಎರಡೂ ಕೈ ಹೊರತೆಗೆದು, ಹಾಗೆಯೇ ಒಡ್ಡಿ, “ಹಾಂ, ದುವಾ” ಎಂದು ಕಣ್ಣು ಮುಚ್ಚಿಕೊಂಡರು. ನಾನು ತಿದ್ದಲು ಹೋಗಲಿಲ್ಲ.

ಮನೆಗೆ ಬಂದು ಕೊನೆಯ ಅಧ್ಯಾಯ ಹರಿದು ಮತ್ತೆ ಬರೆದೆ. ಸೂರು ಬಿರಿಯಿತು, ಮಳೆ ಸುರಿಯಿತು, ಮುದುಕಿ ಬೊಗಸೆ ಒಡ್ಡಿದಳು, ಅಷ್ಟೇ. ಫೋನಿನಲ್ಲಿ ಓದಿ ಹೇಳಿದಾಗ ಅಕ್ಕ, “ತೀರ್ಥ ತಗೊಂಡ್ಲು ಅನ್ನು” ಎಂದು ಸಮಾಧಾನಪಟ್ಟಳು. ಗೋಂದು ಆ ವಾರವೇ ಒಣಗಿತು. ಮೆಹರುನ್ನಿಸಾ ಈಗ ವಾಕರ್ ಹಿಡಿದು ಅಂಗಡಿಯವರೆಗೂ ನಡೆದು ಬಂದು, ರಟ್ಟು ಸೊಟ್ಟಗಿದೆ ಎಂದು ಗಂಡನನ್ನು ಬೈಯುತ್ತಾರೆ.

ಮೊನ್ನೆ ಮುಂಗಾರಿನ ಮೊದಲ ಮಳೆ ಬಂತು. ಹೆಂಡತಿ ಒಣಗಿಸಿದ ಬಟ್ಟೆ ತರಲು ಕಳಿಸಿದ್ದಳು. ಮುದುಕಿಯ ಬೊಗಸೆಯಲ್ಲಿ ನೀರು ನಿಲ್ಲುತ್ತದೋ ಇಲ್ಲವೋ ಎಂದು ಪರೀಕ್ಷಿಸಲು, ಬರೀ ಪರೀಕ್ಷೆಗೆಂದೇ, ಅಂಗಳದಲ್ಲಿ ಕೈ ಒಡ್ಡಿ ನಿಂತೆ. ನೀರು ನಿಂತಿತು. ಪ್ರಯೋಗ ಮುಗಿದ ಮೇಲೂ ಕೈ ಬಿಡಿಸಲು ಏಕೋ ಮನಸ್ಸಾಗಲಿಲ್ಲ. ಬಟ್ಟೆಯೆಲ್ಲ ನೆನೆದುಹೋಯಿತು.