ಪಿಸ್ಟನ್ ತೂಗುತ್ತಿದ್ದ ಕಾಳಾಚಾರ್ರು

ನಾನು ಓದು ನಿಲ್ಲಿಸಿದ್ದು ೧೯೨೬ನೇ ಇಸವಿಯಲ್ಲಿ, ಮಧುಗಿರಿಯ ಮಿಡ್ಲ್ ಸ್ಕೂಲಿನ ಎರಡನೆಯ ವರ್ಷದಲ್ಲಿ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಆಮೇಲೆ ಹದಿನೈದು ವರ್ಷ ಇನ್ನೊಬ್ಬರ ಬಸ್ಸು ತೊಳೆದು, ಇನ್ನೊಬ್ಬರ ಬಸ್ಸು ಓಡಿಸಿ, ಕೊನೆಗೆ ನನ್ನದೇ ಹೆಸರಿನಲ್ಲಿ ಒಂದು ಹಳೆಯ ಬಸ್ಸು ಮಾಡಿಕೊಂಡೆ. ಯಾವ ಮೇಷ್ಟ್ರ ಹಂಗೂ ಇಲ್ಲದೆ ರಸ್ತೆಯಲ್ಲೇ ಎಲ್ಲ ಕಲಿತೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಆ ಮಾತು ಪೂರ್ತಿ ನಿಜವಲ್ಲ. ನನಗೂ ಒಬ್ಬ ಮೇಷ್ಟ್ರಿದ್ದರು. ಅವರು ಬಸ್ಸಿನ ಪಿಸ್ಟನ್ನನ್ನು ಗುಲಗಂಜಿ ಇಟ್ಟು ತೂಗುತ್ತಿದ್ದರು.

ಕಾಳಾಚಾರ್ರು ಹುಟ್ಟಾ ಅಕ್ಕಸಾಲಿಗಳು. ಯಾವ ಕಾಲದಲ್ಲೋ ಚಿನ್ನದ ಕೆಲಸ ಬಿಟ್ಟು, ಮಧುಗಿರಿ ಬೆಟ್ಟದ ಬುಡದಲ್ಲಿ ತಗಡು ಹೊದಿಸಿದ ಚಾವಡಿಯೊಂದರಲ್ಲಿ ಮೋಟಾರು ರಿಪೇರಿಗೆ ಕೂತಿದ್ದರು. ಕೂತಿದ್ದರು ಎಂದರೆ ನಿಜವಾಗಿಯೂ ಕೂತೇ ಇದ್ದರು. ಬೇರೆ ಮೇಸ್ತ್ರಿಗಳು ಇಂಜಿನ್ನಿನ ಮೇಲೆ ಬಗ್ಗಿ ಬೆವರುತ್ತಿದ್ದರೆ ಇವರು ಮಣೆ ಹಾಕಿಕೊಂಡು, ದಾರ ಕಟ್ಟಿದ ಕನ್ನಡಕ ಮೂಗಿಗೇರಿಸಿ, ಬಿಚ್ಚಿದ ಸಾಮಾನುಗಳನ್ನು ಬಿಳಿ ಪಂಚೆಯ ಮೇಲೆ ಸಾಲಾಗಿ ಇಟ್ಟುಕೊಳ್ಳುತ್ತಿದ್ದರು. ವಾಲ್ವನ್ನು ಚಿಮಟದಲ್ಲಿ ಹಿಡಿಯುತ್ತಿದ್ದರು. ಮಸಿಯನ್ನು ಊದುಗೊಳವೆಯಿಂದ ಊದುತ್ತಿದ್ದರು. ವಾಲ್ವು ಉಜ್ಜಲು ಪೇಟೆಯ ಮಸಾಲೆ ತರಿಸುತ್ತಿರಲಿಲ್ಲ. ಪಾವಗಡದ ಕಡೆಯಿಂದ ಬಂದ, ಸಾಣೆಗೆ ಬಳಸುವ ಕುರುಂದದ ಕಲ್ಲನ್ನು ಅರೆದು, ಬಟ್ಟೆಯಲ್ಲಿ ಜರಡಿ ಹಿಡಿದು, ಹರಳೆಣ್ಣೆಯಲ್ಲಿ ಕಲಸಿಕೊಳ್ಳುತ್ತಿದ್ದರು.

"ಉಸ್ರು ಕಟ್ಟಬಾರ್ದು, ಉಸ್ರು ಸೋರಬಾರ್ದು. ಇಂಜಿನ್ ಅಂದ್ರೆ ಅಷ್ಟೇ ಕಣಪ್ಪ" ಎನ್ನುವುದು ಅವರ ಮಾತು.

ಒಮ್ಮೆ ಶಿರಾದ ಕಡಲೆಕಾಯಿ ಸಾಹುಕಾರರೊಬ್ಬರ ಕಾರು ಬಂತು. ವಾಲ್ವಿನ ತಲೆ ಮುರಿದು ಪಿಸ್ಟನ್ನಿನ ಮೇಲೆ ಬಿದ್ದು ಕುಟ್ಟಿತ್ತು. ಸಾಹುಕಾರರಿಗೆ ಬರೀ ವಾಲ್ವಿನಲ್ಲಿ ಮುಗಿಸುವ ಆಸೆ.

"ಪಿಸ್ಟನ್‌ಗೇನಾಗೈತೆ ಆಚಾರ್ರೇ, ಕಲ್ಲಿದ್ದಂಗೈತೆ."

ಆಚಾರ್ರು ಆ ಪಿಸ್ಟನ್ನನ್ನು ತಂತಿಯಲ್ಲಿ ನೇತುಹಾಕಿ ಸಣ್ಣ ಸುತ್ತಿಗೆಯಲ್ಲಿ ತಟ್ಟಿದರು. ಬದ್ ಎಂದಿತು. ಪಕ್ಕದ್ದನ್ನು ತಟ್ಟಿದರು. ಠಣ್ ಎಂದಿತು.

"ಸಾಹುಕಾರ್ರೇ, ನೀವು ರೂಪಾಯ್ನ ಕಲ್ ಮ್ಯಾಲೆ ಬಡೀದೆ ಪೆಟ್ಟಿಗೆಗೆ ಹಾಕ್ತೀರಾ?"

"ಹೆಂಗ್ ಹಾಕಾದು?"

"ಇದು ಖೋಟಾ. ತಕ್ಕಳಿ, ನೀವೇ ಬಡೀರಿ."

ಸಾಹುಕಾರರು ಸುತ್ತಿಗೆ ತೆಗೆದುಕೊಂಡು ನಾಲ್ಕನ್ನೂ ಬಡಿದರು. ಎರಡೆರಡು ಸಲ ಬಡಿದರು. "ಈ ಮೂರ್ನೇದೂ ವಸಿ ಬ್ಯಾರೆ ತರ ಕೂಗ್ತದಲ್ಲ, ಇದ್ನೂ ಬದಲಾಯಿಸಿಬುಡಿ" ಎಂದರು.

"ಅದಕ್ಕೆ ಜಿಡ್ಡು ಅಂಟೈತೆ ಸ್ವಾಮಿ. ಸುಮ್ನೆ ಖರ್ಚು ಹೆಚ್ಚಿಸ್ಕಬ್ಯಾಡಿ" ಎಂದು ಆಚಾರ್ರು ಸುತ್ತಿಗೆ ಕಿತ್ತುಕೊಂಡರು.

ಯುದ್ಧ ಬಂದು ಪೆಟ್ರೋಲು ಕೂಪನ್ನಿಗೆ ಇಳಿದ ಮೇಲೆ ನಾವೆಲ್ಲ ಬಸ್ಸಿನ ಬೆನ್ನಿಗೆ ಇದ್ದಲ ಒಲೆ ಕಟ್ಟಿಕೊಂಡೆವು. ಇದ್ದಲು ಉರಿಸಿದ ಗ್ಯಾಸಿನಲ್ಲಿ ಇಂಜಿನ್ ಓಡಬೇಕು. ಓಡುತ್ತಿತ್ತು, ಆದರೆ ಜ್ವರದಿಂದೆದ್ದವನ ಹಾಗೆ. ಮಿಡಿಗೇಶಿ ಹತ್ತಿರದ ಏರಿನಲ್ಲಿ ಜನರೆಲ್ಲ ಇಳಿದು ತಳ್ಳಬೇಕಾಗುತ್ತಿತ್ತು. "ಟಿಕೀಟೂ ನಮ್ದೇ, ತಳ್ಳಾದೂ ನಾವೇನಾ ಸಿದ್ಲಿಂಗಪ್ಪ? ತಳ್ಳೋರ್ಗೆ ಅರ್ಧ ಚಾರ್ಜು ಮಾಡಪ್ಪ" ಎಂದು ಹಿಂದಿನಿಂದ ಕೂಗುತ್ತಿದ್ದರು. ನನಗೆ ಮುಖ ಕೆಂಪಾಗುತ್ತಿತ್ತು.

ಆಚಾರ್ರು ಇಂಜಿನ್ ಬಿಚ್ಚಿದಾಗ ವಾಲ್ವುಗಳ ಅಂಚು ಇಲಿ ಕಡಿದ ರೊಟ್ಟಿಯ ಹಾಗಿತ್ತು. ಒಂದು ಪಿಸ್ಟನ್ನು ಸೀಳಿತ್ತು. ಆ ದಿನಗಳಲ್ಲಿ ಹೊಸ ಪಿಸ್ಟನ್ನು ಸಿಕ್ಕುವುದೇ ಕಷ್ಟ, ಸಿಕ್ಕರೆ ಅದಕ್ಕೆ ಕೇಳಿದ್ದೇ ಬೆಲೆ. ನನ್ನ ಹೆಂಡತಿ ಕಾಸಿನ ಸರ ಬಿಚ್ಚಿಕೊಟ್ಟಳು. ಅದನ್ನು ತಂದು ಆಚಾರ್ರ ಮುಂದಿಟ್ಟೆ. ಅವರು ಕೆಂಡ ತಗಲಿದವರಂತೆ ಕೈ ಹಿಂದಕ್ಕೆ ತೆಗೆದುಕೊಂಡರು.

"ಅದ ಒಳಗಿಡಪ್ಪ. ಬ್ಯಾರೆ ಎಲ್ಲಾದ್ರೂ ಮಾರ್ಕಂಡ್ ಬಾ. ನಾನು ಚಿನ್ನ ಮುಟ್ಟಲ್ಲ."

ಕಾರಣವನ್ನು ಆಮೇಲೆ ಅವರ ಹೆಂಡತಿ ಹೇಳಿದರು. ಸ್ವಂತ ಅಕ್ಕನ ಮಗಳ ಮದುವೆಗೆ ಆಚಾರ್ರು ಸರ ಮಾಡಿಕೊಟ್ಟಾಗ, ಗಂಡಿನ ಕಡೆಯವರು ತಾಮ್ರ ಬೆರೆಸಿದ್ದಾರೆ ಎಂದು ಆಡಿಬಿಟ್ಟರಂತೆ. ಒರೆಗಲ್ಲಿಗೆ ಹಚ್ಚಿ ತೋರಿಸಿದರೂ ಮಾತು ನಿಲ್ಲಲಿಲ್ಲ. ಅಂದೇ ಕುಲುಮೆ ಆರಿಸಿದರು. ಕಬ್ಬಿಣದ ಕೆಲಸದಲ್ಲಿ ಯಾರೂ ಕಳ್ಳ ಅನ್ನುವುದಿಲ್ಲ ಎಂದು ಈ ಕಡೆ ಬಂದರು.

ಸರ ಮಾರಿದ ಹಣದಲ್ಲಿ ಬೆಂಗಳೂರಿನಿಂದ ಪಿಸ್ಟನ್ನು ಬಂತು. ತಕ್ಕಡಿಯ ಒಂದು ತಟ್ಟೆಯಲ್ಲಿ ಚೆನ್ನಾಗಿದ್ದ ಹಳೆಯದೊಂದನ್ನು, ಇನ್ನೊಂದರಲ್ಲಿ ಹೊಸದನ್ನು ಇಟ್ಟು, ಮೇಲೆದ್ದ ಕಡೆಗೆ ಒಂದೊಂದೇ ಗುಲಗಂಜಿ ಹಾಕುತ್ತ ಆಚಾರ್ರು ವ್ಯತ್ಯಾಸ ಕಂಡುಹಿಡಿದರು. ಹೊಸದರ ಒಳಮೈಯನ್ನು ಅರದಿಂದ ಸವರಿ ನಾಲ್ಕನ್ನೂ ಸಮ ಮಾಡಿದರು. ಸವರಿದ ಪುಡಿಯನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ನನ್ನ ಕೈಗೆ ಕೊಟ್ಟರು. ನಾನು ನಕ್ಕು ಬೀದಿಯಲ್ಲಿ ಕೊಡವಿಬಿಟ್ಟೆ.

ಹೊರಡುವಾಗ ಹೇಳಿದರು: "ಗ್ಯಾಸ್ ಸೋಸೋ ಡಬ್ಬಿ ಒಳ್ಗಿನ ನಾರ್ನ ದಿನಾ ತೊಳೀಬೇಕು. ಇದ್ದಲ ಪುಡಿ ಒಳಿಕ್ಕೋದ್ರೆ ಅದೂ ಕುರುಂದನೇ ಕಣಪ್ಪ. ನಾನು ಉಜ್ಜೋದು ವಾಲ್ವ, ಅದು ಉಜ್ಜೋದು ನಿನ್ ಮನೆ."

ಅದು ಮದುವೆಗಳ ಕಾಲ. ದಿನಕ್ಕೆ ಎರಡು ಟ್ರಿಪ್ಪು ಹೊಡೆದೆ. ತಿಂಗಳು ತುಂಬುವ ಮೊದಲೇ ಪಾವಗಡದ ದಾರಿಯಲ್ಲಿ ಇಂಜಿನ್ ಒಳಗೆ ಕಟಕಟ ಶಬ್ದ ಬಂದು ಬಸ್ಸು ನಿಂತುಹೋಯಿತು. ಎತ್ತು ಕಟ್ಟಿ ಎಳೆಸಿಕೊಂಡು ಬರುವಾಗ ಜೊತೆಗಿದ್ದ ಇನ್ನೊಬ್ಬ ಡ್ರೈವರು ಹೇಳಿದ: "ಅಕ್ಕಸಾಲಿ ಅಕ್ಕನ ಚಿನ್ನಾನೂ ಬುಡಾಕಿಲ್ಲ ಕಣ್ಲಾ. ನಿನ್ ಹೊಸ ಪಿಸ್ಟನ್ನು ಯಾರ ಗಾಡೀಲೈತೋ."

ಹೆಂಡತಿಯ ಬರಿಗೊರಳು ಕಣ್ಣ ಮುಂದೆ ಬಂತು. ನೆಟ್ಟಗೆ ಚಾವಡಿಗೆ ಹೋಗಿ, ನಾಲ್ಕು ಜನರ ಎದುರಿಗೆ, ಅದೇ ಗಾದೆಯನ್ನು ಆಚಾರ್ರ ಮುಖಕ್ಕೆ ಹೇಳಿದೆ.

ಅವರ ಕೈಯಲ್ಲಿದ್ದ ಚಿಮಟ ಹಾಗೇ ನಿಂತಿತು. "ಪುಡೀನೂ ನಿನ್ ಕೈಗೇ ಕೊಟ್ನಲ್ಲಪ್ಪ" ಎಂದರು. ಚಿಮಟ ಕೆಳಗಿಟ್ಟು, "ಬಿಚ್ಚಿ ನೋಡಾನ ಬಾ" ಎಂದರು.

"ನಿಮ್ ಕೈಲಿ ಬಿಚ್ಚಿಸಾಕಿಲ್ಲ" ಎಂದೆ.

ತುಮಕೂರಿನಲ್ಲಿ ಬಿಚ್ಚಿಸಿದೆ. ಮುರಿದಿದ್ದ ಪಿಸ್ಟನ್ನಿನ ಒಳಮೈಯಲ್ಲಿ ಆಚಾರ್ರ ಅರದ ಗೀರುಗಳು ಹಾಗೇ ಇದ್ದವು. ನಾನು ಕಾಸಿನ ಸರ ಮಾರಿ ತಂದದ್ದೇ ಅದು. ಸುತ್ತಲೂ ಕಪ್ಪು ಪುಡಿ ಕೆರೆದಿತ್ತು. ಅಲ್ಲಿಯ ಮೇಸ್ತ್ರಿ ಗ್ಯಾಸ್ ಸೋಸುವ ಡಬ್ಬಿಯೊಳಗೆ ಬೆರಳು ಹಾಕಿ, ಗಟ್ಟಿಯಾಗಿ ಸುಟ್ಟುಹೋಗಿದ್ದ ನಾರನ್ನು ಎಳೆದು ನನ್ನ ಮುಂದೆ ಹಿಡಿದ. "ಯಾರ್ರೀ ಇದನ್ನ ತೊಳೀದೇ ಓಡ್ಸಿದ್ದು?" ಎಂದ.

ತಪ್ಪಾಯಿತು ಎನ್ನಲು ನನಗೆ ಮೂರು ತಿಂಗಳು ಬೇಕಾಯಿತು. ತುಮಕೂರಿನಲ್ಲಿ ಬೇರೆ ಪಿಸ್ಟನ್ನು ಹಾಕಿಸಿಕೊಂಡು ಓಡಿಸುತ್ತಿದ್ದ ಬಸ್ಸಿನ ವಾಲ್ವು ಅಷ್ಟರಲ್ಲಿ ಮತ್ತೆ ಸೋರುತ್ತಿತ್ತು. ಬಸ್ಸನ್ನು ಚಾವಡಿಯ ಮುಂದೆ ನಿಲ್ಲಿಸಿ ಹೋಗಿ ನಿಂತೆ.

"ಬಾಪ್ಪ, ಕೂತ್ಕ. ಉಂಡ್ಯಾ?" ಎಂದರು. ನಾನು ಹೇಳಬೇಕಾದದ್ದನ್ನು ಹೇಳಿದೆ.

"ಸಿಟ್ಟಿಲ್ಲ ಕಣಪ್ಪ. ಇದ್ದಿದ್ರೆ ಬೈದುಬುಡ್ತಿದ್ದೆ. ಆದ್ರೆ ನಿನ್ ವಸ್ತು ಮುಟ್ಟಾಕೆ ಕೈ ಏಳಾಕಿಲ್ಲ. ನಾಳೆ ಇನ್ನೊಂದು ಮುರೀತು ಅನ್ಕ. ನೀನು ಬಾಯಿ ಬುಡ್ದಿದ್ರೂ, ಇವ್ನು ಮನಸ್ನಾಗೆ ಏನನ್ಕಂಡ್ನೋ ಅಂತ ನಂಗನ್ನಿಸ್ತದೆ."

"ಹಂಗಾದ್ರೆ ನನ್ ಬಸ್ಸು, ಆಚಾರ್ರೇ?"

"ನಿಂಗೆ ಕೈ ಇಲ್ವಾ?"

ಮಣೆಯನ್ನು ನನ್ನ ಕಡೆ ನೂಕಿದರು. ತಾವು ಮೂರು ಮೊಳ ದೂರದಲ್ಲಿ ಗೋಡೆಗೊರಗಿ ಕೂತರು. ಎರಡು ದಿನ ನಾನು ಎಂಟು ವಾಲ್ವು ಉಜ್ಜಿದೆ. "ಒತ್ತಬ್ಯಾಡ, ಎಮ್ಮೆ ಮೈ ತೊಳೀತಿದ್ದೀಯಾ? ಎಡಕ್ಕೊಂದು, ಬಲಕ್ಕೊಂದು, ನಾಕಾದ್ ಮ್ಯಾಲೆ ಎತ್ತು" ಎನ್ನುತ್ತಿದ್ದರು. ಸೀಮೆಎಣ್ಣೆ ಹನಿಸಿ ನೋಡುವುದು. ಕೆಳಗಿಳಿದರೆ "ಸೋರ್ತು. ಮತ್ತೆ" ಎನ್ನುವುದು. ಮೊದಲನೆಯದಕ್ಕೇ ಒಂದು ಹೊತ್ತು ಹಿಡಿಯಿತು. ಎರಡನೆಯ ದಿನ ಇಳಿಬಿಸಿಲಿನ ಹೊತ್ತಿಗೆ ಎಂಟರಲ್ಲೂ ಎಣ್ಣೆ ನಿಂತಿತು. ಮುಟ್ಟಿ ನೋಡಲಿ ಎಂದು ಕೊನೆಯ ವಾಲ್ವನ್ನು ಎತ್ತಿ ಅವರ ಮುಂದೆ ಹಿಡಿದೆ. ಎದ್ದು ಬಂದು ಬಗ್ಗಿ ನೋಡಿದರು. ಕೈ ಎರಡೂ ಬೆನ್ನ ಹಿಂದೆ ಇದ್ದವು.

"ಸರಿ ಐತೆ" ಎಂದರು.

ಆಮೇಲೂ ನಾಲ್ಕು ವರ್ಷ ಅವರ ಚಾವಡಿಗೆ ಹೋಗುತ್ತಿದ್ದೆ. ಬೇರೆಯವರ ಗಾಡಿಗಳನ್ನು ಅವರು ರಿಪೇರಿ ಮಾಡುತ್ತಿದ್ದರು. ನನ್ನದನ್ನು ನಾನೇ ಮಾಡುತ್ತಿದ್ದೆ, ಅವರು ಹೇಳುತ್ತಿದ್ದರು. ಸ್ವಾತಂತ್ರ್ಯ ಬಂದ ವರ್ಷದ ಬೇಸಿಗೆಯಲ್ಲಿ ಆಚಾರ್ರು ತೀರಿಕೊಂಡರು. ನಾನು ಪಾವಗಡದಲ್ಲಿದ್ದೆ, ಸುದ್ದಿ ಮುಟ್ಟುವಾಗ ಎಲ್ಲ ಮುಗಿದಿತ್ತು.

ಈಗ ನನಗೆ ಎರಡು ಬಸ್ಸು, ಒಂದು ಲಾರಿ, ಮಧುಗಿರಿಯಲ್ಲಿ ಒಂದು ಶೆಡ್ಡು, ಅದರಲ್ಲಿ ಕೆಲಸಕ್ಕೆ ಮೂರು ಜನ ಇದ್ದಾರೆ. ಕಾಳಾಚಾರ್ರ ಕೈ ಮುಟ್ಟಿದ ಇಂಜಿನ್ನು ಒಂದೂ ಇಲ್ಲ.